ಅವ್ವನ ಎಣ್ಣೆ ಬಾಟಲಿ

ಮೊಣಕೈ ಮಡಿಕೆಗಳಲ್ಲಿ ನನಗೆ ಚಿಕ್ಕಂದಿನಿಂದಲೂ ಇಸಬು. ಕೂಡ್ಲಿಗಿಯ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತಿದ್ದ ಒಂದು ಟ್ಯೂಬನ್ನು ವರ್ಷಗಟ್ಟಲೆ ಹಚ್ಚಿಕೊಂಡೆ. ಹಚ್ಚಿದರೆ ಎರಡೇ ದಿನಕ್ಕೆ ಮಾಯ, ಬಿಟ್ಟರೆ ಮೊದಲಿಗಿಂತ ಜೋರು. ಕೊನೆಗೆ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವಾಯಿತು. ಚರ್ಮದ ಡಾಕ್ಟರು ನೋಡಿ, ಅದು ಸ್ಟೆರಾಯ್ಡ್ ಮುಲಾಮು, ಒಮ್ಮೆಲೇ ಬಿಡಬೇಡಿ ಎಂದರು. ಕಡಿಮೆ ಜೋರಿನದೊಂದನ್ನು ಬರೆದುಕೊಟ್ಟು, ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ ಹಚ್ಚಿ ನಿಲ್ಲಿಸಲು ಹೇಳಿದರು. ಉಳಿದ ಹೊತ್ತು ಬರೀ ಕೊಬ್ಬರಿ ಎಣ್ಣೆ.

ಎಣ್ಣೆಯ ಉಸ್ತುವಾರಿ ಅವ್ವನದು. ಡಾಕ್ಟರು ಹೇಳಿದಂತೆಯೇ ನಾನು ಮುಲಾಮು ಇಳಿಸುತ್ತಾ ಬಂದೆ. ಮುಲಾಮು ನಿಲ್ಲಿಸಿ ತಿಂಗಳಾದರೂ ಚರ್ಮ ನುಣ್ಣಗೇ ಇತ್ತು. ಗಿಡ್ಡ ತೋಳಿನ ಕುಪ್ಪಸ ತೊಟ್ಟು ಹಗರಿಬೊಮ್ಮನಹಳ್ಳಿಯ ಕಚೇರಿಗೆ ಹೋದೆ; ಎಲ್ಲಾ ಎಣ್ಣೆಯ ಗುಣ ಎಂದು ಕಂಡಕಂಡವರಿಗೆ ಹೇಳಿದೆ.

ಅಷ್ಟರಲ್ಲಿ ಹರಪನಹಳ್ಳಿಯ ಅಕ್ಕನಿಗೆ ಆಪರೇಷನ್ ಆಗಿ ಅವ್ವ ಅಲ್ಲಿಗೆ ಹೋದಳು. ಬಾಟಲಿ ಖಾಲಿಯಾಗಿ ನಾನೇ ಎಣ್ಣೆ ತಂದೆ. ನಾಲ್ಕು ದಿನಕ್ಕೆ ತೋಳು ಸುಟ್ಟ ಹಾಗೆ ಕೆಂಪಾಗಿ ಉರಿಯಿತು, ನೀರು ತಾಗಿದರೆ ಜೀವ ಹೋದಂತಾಗುತ್ತಿತ್ತು. ಎಣ್ಣೆ ಕಲಬೆರಕೆಯೋ, ಬದನೆಕಾಯಿ ತಿಂದದ್ದೋ? ಅಂಗಡಿ ಬದಲಿಸಿದೆ, ಬದನೆಕಾಯಿ ಬಿಟ್ಟೆ. ಉರಿ ಮಾತ್ರ ಬಿಡಲಿಲ್ಲ.

ನೀನು ಎಣ್ಣೆ ಎಲ್ಲಿಂದ ತರುತ್ತಿದ್ದೆ ಎಂದು ಫೋನಿನಲ್ಲಿ ಅವ್ವನನ್ನು ಕೇಳಿದೆ.

"ಎಣ್ಣಿ ನಮ್ಮ ಓಣಿ ಅಂಗಡಿದೇ. ಅದರಾಗ ನಿನ್ನ ಹಳೇ ಟ್ಯೂಬು ಒಂದಿಷ್ಟು ಹಿಂಡತಿದ್ನವ್ವ. ನೀ ಕೆರಕೊಳ್ಳಾದು ನೋಡಾಕ ಆಗ್ಲಿಲ್ಲ."

ಕಹಿ ಮಾತ್ರೆಯನ್ನು ಬೆಲ್ಲದೊಳಗೆ ಮುಚ್ಚಿ ನಮ್ಮನ್ನೆಲ್ಲ ಸಾಕಿದ ಕೈ ಅದು.

ಇಸಬು ಮರಳಿದೆಯೋ, ಔಷಧಿ ಒಮ್ಮೆಲೇ ತಪ್ಪಿದ್ದರ ಉರಿಯೋ, ಎರಡೂ ಕೂಡಿವೆಯೋ, ಈಗಲೇ ಹೇಳಲಾಗದು ಎಂದರು ಡಾಕ್ಟರು. ಮತ್ತೆ ಮೊದಲಿನಿಂದ ಇಳಿಸಬೇಕಂತೆ.

ಅವ್ವ ಮರಳಿದ ಮೇಲೆ ಹೊಸ ಮುಲಾಮನ್ನು ಅವಳ ಕೈಗೇ ಕೊಟ್ಟೆ. ಹಚ್ಚುವ ದಿನ ಬೆರಳ ತುದಿಗೆ ಹಿಂಡಿ, ಇಷ್ಟೇ ಏನು ಎಂದು ಕೇಳಿಯೇ ಹಚ್ಚುತ್ತಾಳೆ. ಇವತ್ತು ಹಚ್ಚದ ದಿನ. ಮೊಣಕೈ ತುರಿಸುತ್ತಿದೆ, ರೋಗದ್ದೋ ಔಷಧಿಯದೋ ನನಗೆ ಗೊತ್ತಿಲ್ಲ. ಅವ್ವ ನನ್ನೆದುರೇ ಬಾಟಲಿಗೆ ಎಣ್ಣೆ ತುಂಬಿ ಇಟ್ಟಳು. ಅವಳು ಅತ್ತ ತಿರುಗಿದ್ದಾಗ ತೆಗೆದು ಮೂಸಿದೆ.

"ಬರೇ ಎಣ್ಣಿನೇ ಐತಿ" ಎಂದಳು, ತಿರುಗದೆಯೇ.