ತೊಂಬತ್ತೈದರ ಸಂಬಳ, ಮೂವತ್ತರ ಬಾಡಿಗೆ

ಸಾಗರದ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡೋಣವೆಂದು ನಿನ್ನೆ ಸುಣ್ಣ ಹೊಡೆಸಿದೆ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಸನಗರದಲ್ಲಿ ನಾನು ಹಿಡಿದ ಮೊದಲ ಬಾಡಿಗೆ ಮನೆ ನೆನಪಾಗಿ ಮೈ ಪರಚಿಕೊಳ್ಳುವಂತಾಯಿತು.

ಅರವತ್ತರ ದಶಕದ ಮಾತು. ನಾನು ಅಲ್ಲಿ ಮೇಷ್ಟ್ರು. ಸಂಬಳ ತೊಂಬತ್ತೈದು ರೂಪಾಯಿ. ಮದುವೆಯಾಗಿ ಎಂಟು ತಿಂಗಳಾದರೂ ಹೆಂಡತಿ ತೀರ್ಥಹಳ್ಳಿಯ ತವರಿನಲ್ಲಿ, ನಾನು ಹೋಟೆಲಿನ ಅಟ್ಟದ ಮೇಲೆ. ಮನೆ ಮಾಡಿದ ಮೇಲೆ ಕಳಿಸುತ್ತೇನೆ ಎಂದಿದ್ದರು ಮಾವ. ಸಂಬಳದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಬಾಡಿಗೆ ಕೊಡುವವ ಮೂರ್ಖ ಎನ್ನುವುದು ನಮ್ಮ ಹೆಡ್ಮಾಸ್ತರರ ಸಿದ್ಧಾಂತ. ಅವರು ಮಾತ್ರ ಹೆಂಡತಿಯ ಮನೆಯಲ್ಲಿ ಪುಕ್ಕಟೆ ಇದ್ದರು. ಆ ಲೆಕ್ಕದಲ್ಲಿ ನನ್ನ ಯೋಗ್ಯತೆ ಹತ್ತೊಂಬತ್ತು ರೂಪಾಯಿ.

ಆದರೆ ನಮ್ಮ ಕಡೆ ಯಜಮಾನರು ಮನೆ ನೋಡಿ ಬಾಡಿಗೆ ಹೇಳುತ್ತಿರಲಿಲ್ಲ, ಬಂದವನನ್ನು ನೋಡಿ ಹೇಳುತ್ತಿದ್ದರು. ಊರು, ಮನೆತನ, ಹೆಣ್ಣು ಕೊಟ್ಟವರು ಯಾರು, ಸಂಬಳವೆಷ್ಟು, ಇಷ್ಟು ಮುಗಿಯುವುದರೊಳಗೆ ಎಲೆಯಡಕೆ ತಟ್ಟೆ ಖಾಲಿ. ನನಗೆ ಸಿಕ್ಕ ಯಜಮಾನರು ಕಂದಾಯ ಇಲಾಖೆಯ ನಿವೃತ್ತ ಶೇಕದಾರರು, ಮೇಲಾಗಿ ಮಾವನ ಹಳೆಯ ಸ್ನೇಹಿತರು. ಅಲ್ಲೇ ಎಡವಟ್ಟಾಯಿತು. ಮದುವೆಯ ಮಾತುಕತೆಯಲ್ಲಿ ನನ್ನ ಸೋದರಮಾವ ಹುಡುಗನಿಗೆ ನೂರೈವತ್ತು ಸಂಬಳ ಎಂದುಬಿಟ್ಟಿದ್ದ. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ, ಅಲ್ಲವೆನ್ನಲಿಲ್ಲ. ಈಗ ನಿಜ ಹೇಳಿದರೆ ಸುದ್ದಿ ಮರುದಿನದ ಬಸ್ಸಿಗೇ ತೀರ್ಥಹಳ್ಳಿ ಮುಟ್ಟುತ್ತದೆ, ಹೆಂಡತಿ ಅಲ್ಲಿಂದ ಹೊರಡುವುದೇ ಇಲ್ಲ. ಹೆದರಿಕೆಯಲ್ಲೇ ಎದೆಯುಬ್ಬಿಸಿ ನೂರೈವತ್ತು ಎಂದೆ. ಅವರು ಅಡಕೆ ಕತ್ತರಿಸುತ್ತ, "ಹಂಗಾರೆ ಮೂವತ್ತು ಕೊಡಿ ಮೇಷ್ಟ್ರೆ" ಅಂದರು. ಹೆಡ್ಮಾಸ್ತರರ ಸಿದ್ಧಾಂತ ಅವರಿಗೂ ಗೊತ್ತಿತ್ತು.

ಹೆಂಡತಿ ಬಂದಳು. ಮೂರು ತಿಂಗಳು ಬೆಳಗ್ಗೆಯೂ ಗಂಜಿ, ರಾತ್ರಿಯೂ ಗಂಜಿ. ಗಂಜಿ ದೇಹಕ್ಕೆ ತಂಪು ಎಂದು ನಾನೇ ಉಪದೇಶ ಮಾಡುತ್ತಿದ್ದೆ, ನೋಡಿ ನನ್ನ ನಾಚಿಕೆಗೇಡಿತನ! ನಾಲ್ಕನೆಯ ತಿಂಗಳು ಅಂಗಿ ಒಗೆಯಲು ಹೊರಟವಳು ಜೇಬಿನಲ್ಲಿದ್ದ ಸಂಬಳ ಎಣಿಸಿದಳು. ಅಳಲಿಲ್ಲ, ಬೈಯಲಿಲ್ಲ. ಸೀದಾ ಶೇಕದಾರರ ಜಗಲಿಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿ, ಬಾಡಿಗೆ ಇಳಿಸಿ ಎಂದು ಕೇಳಿದಳು. ನಾನು ಹಿಂದಿನಿಂದ ಓಡಿದೆ.

"ತೊಂಬತ್ತೈದು ಅಂತ ನಂಗೆ ಮೊದ್ಲೇ ಗೊತ್ತಿತ್ತು ತಂಗೀ" ಅಂದರು ಅವರು. "ಮದುವೆಗೆ ಮುಂಚೆ ವಿಚಾರಿಸಿ ನಿನ್ನಪ್ಪಯ್ಯಂಗೆ ಕಾಗದ ಬರೆದವ ನಾನೇ. ಸುಳ್ಳು ಹೇಳಿದ್ದು ಸೋದರಮಾವ, ಹುಡುಗ ಅಲ್ವಲ್ಲ ಅಂತ ಅವರು ಹೆಣ್ಣು ಕೊಟ್ರು. ಈಗ ಹುಡುಗನೇ ಬಂದು ನೂರೈವತ್ತು ಅಂದ್ರೆ ನಾ ಎಂತಕ್ಕೆ ಬೇಡ ಅನ್ಲಿ?"

ಬಾಡಿಗೆ ಹತ್ತೊಂಬತ್ತಕ್ಕೆ ಇಳಿಯಿತು. ಮೂರು ತಿಂಗಳ ಹೆಚ್ಚಿನ ದುಡ್ಡಿನ ಮಾತನ್ನು ಅವರು ಎತ್ತಲಿಲ್ಲ, ಎತ್ತಲು ನನಗೆ ಮುಖವಿರಲಿಲ್ಲ. ಮಾವನಂತೂ ಏನೂ ಗೊತ್ತಿಲ್ಲದವರ ಹಾಗೆ, ಹಬ್ಬದ ಪಂಕ್ತಿಯಲ್ಲಿ ನೆಂಟರಿಗೆಲ್ಲ ನಮ್ಮಳಿಯನಿಗೆ ನೂರೈವತ್ತು ಸಂಬಳ ಎಂದೇ ಹೇಳುತ್ತಿದ್ದರು. ಆಗೆಲ್ಲ ನಾನು ತಲೆ ತಗ್ಗಿಸಿ ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತಿದ್ದೆ. ಅವರ ಮೇಲಿನ ಪ್ರೀತಿಯೂ ಹುಟ್ಟಿದ್ದು ಆಗಲೇ.

ಇವತ್ತು ಮನೆ ನೋಡಲು ಬಂದ, ಹೊಸದಾಗಿ ಮದುವೆಯಾದ ಹುಡುಗ, ನಾನು ಕೇಳುವ ಮೊದಲೇ, ಗಂಟಲು ಸರಿಮಾಡಿಕೊಂಡು ತನ್ನ ಸಂಬಳ ಹೇಳಲು ಹೊರಟ. ಬೇಡ ಎಂದೆ. ಹೆಂಡತಿಯನ್ನು ಯಾವಾಗ ಕರೆತರುತ್ತೀಯ ಎಂದಷ್ಟೇ ಕೇಳಿದೆ.