ಕದಿರಮ್ಮನ ಲಾರಿ ಚಳಿಗೆ ನಿಂತದ್ದು

ಮೇಲೂರಿನ ಕದಿರಮ್ಮನ ಬಾಯಿಗೆ ಊರೇ ಹೆದರುತ್ತಿತ್ತು. ಗಂಡ ವೆಂಕಟರವಣಪ್ಪ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಒಂದು ಹಳೇ ಡೀಸೆಲ್ ಲಾರಿ. ಸುತ್ತಲ ಹಳ್ಳಿಗಳ ರೇಷ್ಮೆಗೂಡನ್ನು ಬೆಳಿಗ್ಗೆ ಶಿಡ್ಲಘಟ್ಟದ ಮಾರುಕಟ್ಟೆಗೆ ಮುಟ್ಟಿಸುವುದು ಅದರ ಕೆಲಸ. ಓಡಿಸುತ್ತಿದ್ದವನು ಮೈದುನ ಕೋನಪ್ಪ. ಅಣ್ಣನ ಲಾರಿ ತನಗೇ ಬರಬೇಕಿತ್ತು ಅನ್ನುವ ಉರಿ ಅವನದು. ಕೀಲಿ ಇಸಿದುಕೊಳ್ಳುವಾಗ ಅತ್ತಿಗೆಯ ಮುಖ ಸಹ ನೋಡುತ್ತಿರಲಿಲ್ಲ.

ತೊಂಬತ್ತೊಂದರ ಮಾಗಿಯಲ್ಲಿ ಲಾರಿ ಹಟ ಹಿಡಿಯಿತು. ಬೆಳಿಗ್ಗೆ ಎಷ್ಟು ಕೀಲಿ ತಿರುಗಿಸಿದರೂ ಒಂದಿಷ್ಟು ಬಿಳಿ ಹೊಗೆ ಕಾರಿ ಸುಮ್ಮನಾಗುತ್ತಿತ್ತು. ಗೂಡು ಹೊತ್ತು ತಂದ ರೈತರು ಬೈದುಕೊಂಡು ಬೇರೆ ಗಾಡಿ ಹಿಡಿದರು.

"ಇಂಜಿನ್ ಹೋಯ್ತು ಅತ್ತಿಗೆ. ಬಂದಷ್ಟಕ್ಕೆ ಮಾರ್ಬಿಡು. ಬೇಕಾದ್ರೆ ನಾನೇ ತಗೊಂತೀನಿ," ಎಂದ ಕೋನಪ್ಪ.

"ಹೋದ ಇಂಜಿನ್ನು ಬಿಸಿಲೇರಿದ ಮೇಲೆ ಹೆಂಗಯ್ಯ ಓಡುತ್ತೆ?" ಎಂದು ಕೇಳಿದಳು. ಅವನು ಉಗುಳಿ ಹೋದ.

ಅವಳು ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋಗಿ, ಗಾಡಿಗಳ ಕರೆಂಟ್ ಕೆಲಸ ಮಾಡುವ ತಾಜ್ ಪಾಷಾನನ್ನು ಕರೆತಂದಳು. ಅವನೂ ಮೃದು ಮನುಷ್ಯನಲ್ಲ.

"ಚಳೀಲಿ ಮಾತ್ರ ತೊಂದ್ರೆ ಅಂದ್ರೆ ಮೊದ್ಲು ಹೀಟರ್ ಪ್ಲಗ್ ನೋಡ್ಬೇಕು. ಇಷ್ಟೂ ತಿಳೀದೋನು ಎಂಥ ಡ್ರೈವರು?" ಎಂದು ಗೊಣಗಿದ.

ಇಂಜಿನ್ನಿನ ಒಳಗನ್ನು ಮೊದಲೇ ಕಾಯಿಸುವ ನಾಲ್ಕು ಪ್ಲಗ್ಗುಗಳು ಅದರಲ್ಲಿ ಸಾಲಾಗಿದ್ದವು. ಒಂದರಿಂದ ಇನ್ನೊಂದಕ್ಕೆ ಕರೆಂಟು ಹರಿಯಬೇಕು. ಒಂದು ಸುಟ್ಟರೆ ನಾಲ್ಕೂ ತಣ್ಣಗೆ. ಪಾಷಾ ಪುಟ್ಟ ಬಲ್ಬಿನ ತಂತಿಯನ್ನು ಒಂದೊಂದಕ್ಕೇ ಮುಟ್ಟಿಸುತ್ತ ಹೋದ. ಎರಡನೆಯದು ದಾಟುವವರೆಗೂ ಬಲ್ಬು ಉರಿಯಿತು, ಮೂರನೆಯದರ ಆಚೆ ಕತ್ತಲೆ. ಮೂರನೆಯದನ್ನು ಬಿಚ್ಚಿ ಹೊಸದು ಹಾಕಿದ. ಲಾರಿ ಗುಡುಗಿತು. ಸುಟ್ಟ ಪ್ಲಗ್ಗನ್ನು ಕದಿರಮ್ಮ ತಿಪ್ಪೆಗೆ ಎಸೆ ಎಂದು ಕೋನಪ್ಪನ ಕೈಗೆ ಕೊಟ್ಟಳು.

ವಾರ ಕಳೆಯುವಷ್ಟರಲ್ಲಿ ಲಾರಿ ಮತ್ತೆ ಸತ್ತಂತೆ ನಿಂತಿತು. ಕದಿರಮ್ಮ ನೇರ ಪಾಷಾನ ಅಂಗಡಿಗೆ ನುಗ್ಗಿದಳು.

"ಕಳ್ಳ ಮಾಲು ಹಾಕಿ ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲಯ್ಯಾ!"

ಬೀದಿಯ ಜನ ನಿಂತು ನೋಡಿದರು. ಪಾಷಾ ಕುಡಿಯುತ್ತಿದ್ದ ಟೀ ಚೆಲ್ಲಿ ಎದ್ದ. ಅವಳ ಜೊತೆ ಬಸ್ಸು ಹತ್ತಿ ಮೇಲೂರಿಗೆ ಬಂದ. ಮತ್ತೆ ಬಲ್ಬು ಹಿಡಿದ, ಮತ್ತೆ ಮೂರನೆಯದೇ. ಬಿಚ್ಚಿ ಅವಳ ಕಣ್ಣ ಮುಂದೆ ಹಿಡಿದ.

"ನೋಡಮ್ಮಾ, ವಾರದ ಪ್ಲಗ್ಗಿಗೆ ಇಷ್ಟು ಮಸಿ ಕಟ್ಟುತ್ತಾ? ಇದು ಅವತ್ತು ನಾನು ಬಿಚ್ಚಿದ್ದೇ. ನನ್ನ ಹೊಸದು ಎಲ್ಲೋಯ್ತು?"

ಸುಟ್ಟದ್ದನ್ನು ಯಾರ ಕೈಗೆ ಕೊಟ್ಟಿದ್ದೆನೆಂದು ಕದಿರಮ್ಮನಿಗೆ ನೆನಪಾಯಿತು. ಬೈದದ್ದಕ್ಕೆ ಪಾಷಾನಿಗೆ ತಪ್ಪಾಯ್ತು ಎನ್ನದೆಯೇ ಮನೆ ಕಡೆ ತಿರುಗಿದಳು. ಕೋನಪ್ಪ ಜಗುಲಿಯ ಮೇಲೆ ಬೀಡಿ ಸೇದುತ್ತ ಕೂತಿದ್ದ.

"ಏಮಿರಾ, ಪ್ಲಗ್ ಬದಲಾಯಿಸಿದ್ದು ನೀನೇನಾ?"

"ಹೂಂ, ನಾನೇ. ಅಣ್ಣ ಸಂಪಾದಿಸಿದ ಗಾಡಿ. ನೀನು ಯಜಮಾನಿ, ನಾನು ಆಳಾ?"

"ಆಳಾಗೋಕೂ ಯೋಗ್ಯತೆ ಬೇಕು. ಕೀಲಿ ಇಡು."

ಅವನು ಕೀಲಿಯನ್ನು ಅವಳ ಕಾಲ ಬಳಿ ಬಿಸಾಕಿ ಹೋದ. ಅವಳ ಮನೆಗೂ ಪಕ್ಕದ ಅವನ ಮನೆಗೂ ನಡುವಿನ ಅಂಗಳದಲ್ಲಿ ಆ ತಿಂಗಳೇ ಗೋಡೆ ಎದ್ದಿತು. ಅವನ ಕಡೆಯವರು ಗೂಡು ಕೊಡುವುದನ್ನು ನಿಲ್ಲಿಸಿದರು. ಅವಳು ಚಿಂತಾಮಣಿ ಕಡೆಯ ಹಳ್ಳಿಗಳನ್ನು ಹಿಡಿದಳು. ಶಿಡ್ಲಘಟ್ಟದಿಂದ ಬೇರೆ ಡ್ರೈವರ್ ಬಂದ. ಅವನ ಮೇಲೂ ನಂಬಿಕೆಯಿಲ್ಲದೆ, ಬಲ್ಬಿನ ತಂತಿ ಹಿಡಿಯುವುದನ್ನು ಪಾಷಾನೊಂದಿಗೆ ಜಗಳವಾಡುತ್ತಲೇ ಕಲಿತಳು.

ಕೆಲವು ವರ್ಷದ ಮೇಲೆ ಕೋನಪ್ಪನಿಗೆ ಎದೆನೋವು ಬಂತು. ಅವನ ಹೆಂಡತಿ ಮಂಗಮ್ಮ ಗೋಡೆ ಸುತ್ತಿ ಬಂದು ಬಾಗಿಲಲ್ಲಿ ಅತ್ತಳು. ಕದಿರಮ್ಮ ಡ್ರೈವರನನ್ನು ಕರೆದು, "ಅವನನ್ನ ಲಾರೀಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಬಿಟ್ಟು ಬಾ," ಎಂದಳು. ತಾನು ಹೊಸ್ತಿಲು ದಾಟಲಿಲ್ಲ. ಕೋನಪ್ಪ ಬದುಕಿ ಬಂದ. ಆಮೇಲೂ ಅವಳು ಅವನನ್ನು ಮಾತಾಡಿಸಲಿಲ್ಲ.