ನನ್ನ ಪರವಾಗಿ ಉತ್ತರ ಕೊಟ್ಟವರು

ಮಕ್ಕಳೇ, ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಹೇಳಿದರೆ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ತೀರಿಕೊಂಡ ನಾಲ್ಕನೆಯ ವರ್ಷ ನನಗೆ ಕ್ಷಯ ಹಿಡಿಯಿತು. ಔರಾದಿನ ದವಾಖಾನೆಯ ಗುಳಿಗೆಗೆ ಅದು ಬಗ್ಗಲಿಲ್ಲ. ನಿಮ್ಮನ್ನು ಹತ್ತಿರ ಕೂಡಿಸಿಕೊಳ್ಳದೆ ತಿಂಗಳುಗಳೇ ಆಗಿದ್ದವು. ಆಗ ಬೀದರಿನ ಆಸ್ಪತ್ರೆಯೊಂದರಲ್ಲಿ ಸರ್ಕಾರದ ವತಿಯಿಂದ ಹೊಸ ಗುಳಿಗೆಯ ಪರೀಕ್ಷೆ ನಡೆದಿತ್ತು. ನಿಮ್ಮಪ್ಪ ನಮ್ಮೂರು ಚಿಂತಾಕಿಯಿಂದ ಬೆಳಗಿನ ಬಸ್ಸಿಗೆ ನನ್ನನ್ನು ಕರೆದೊಯ್ದ.

"ಬಡವರ ರೋಗಕ್ಕ ಔಷಧ ಹುಡುಕೋದು ವ್ಯಾಪಾರದವರಿಗಿ ಗಿಟ್ಟಂಗಿಲ್ಲವ್ವಾ, ಅದಕ್ಕ ಸರ್ಕಾರನೇ ಕೈ ಹಾಕ್ಯದ. ಮನಸ್ಸಿದ್ರ ಸೇರ್ರಿ, ಜುಲುಮಿ ಏನಿಲ್ಲ," ಎಂದರು ಡಾಕ್ಟರು. ನಾನು ಒಪ್ಪಿದೆ.

ನಿಮ್ಮಪ್ಪ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಹೋದ. ನರ್ಸು ಉದ್ದನೆಯ ಫಾರ್ಮು ತೆಗೆದು ಒಂದೊಂದೇ ಕೇಳತೊಡಗಿದಳು. ಹೊರಗಿನವರ ಮುಂದೆ ನನಗೆ ಬಾಯಿ ಬರುವುದಿಲ್ಲ, ನಿಮಗೆ ಗೊತ್ತು. ಮುತ್ಯಾ ಇರುವತನಕ ಬಸ್ಸಿನ ಕಂಡಕ್ಟರಿಗೂ, ಭಾಲ್ಕಿಯ ನನ್ನ ತವರಿನವರಿಗೂ ಅವರೇ ಉತ್ತರ ಕೊಡುತ್ತಿದ್ದರು. ನನ್ನ ವಯಸ್ಸು ಕೇಳಿದರೆ ಎರಡು ವರ್ಷ ಕಡಿಮೆ ಹೇಳಿ, ನನ್ನ ಕಡೆ ನೋಡಿ ನಗುತ್ತಿದ್ದರು.

"ಹಿಂದ ಯಾವಾಗರೆ ಎಚ್ಚರ ತಪ್ಪಿ ಬಿದ್ದೀರೇನವ್ವಾ?" ಎಂದಳು ನರ್ಸು.

ಹೊಸ ಸೊಸೆಯಾಗಿದ್ದಾಗ ತೊಗರಿ ಹೊಲದಲ್ಲಿ ಎರಡು ಸಲ ಬಿದ್ದಿದ್ದೆ. ಮುತ್ಯಾ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ್ದರು. ಅತ್ತೆಯ ಕಿವಿಗೆ ಬೀಳಬಾರದೆಂದು ಬೇಡಿಕೊಂಡಿದ್ದೆ. ಅವರು ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ನರ್ಸಿಗೆ ನಾನೂ ಹೇಳಲಿಲ್ಲ, ತಲೆ ತಗ್ಗಿಸಿ ಕುಳಿತೆ.

ನರ್ಸು ಬೇಸತ್ತು, ನನ್ನ ಹಿಂದಿನ ಬಾಗಿಲ ಕಡೆ ನೋಡಿ, "ನೀವರೆ ಹೇಳ್ರಿ," ಎಂದು ಬರೆಯುತ್ತ ಹೋದಳು. ನಿಮ್ಮಪ್ಪ ಬಂದನೆಂದುಕೊಂಡೆ. ನನಗೆ ಯಾವ ದನಿಯೂ ಕೇಳಲಿಲ್ಲ.

ಫಾರ್ಮು ಓದಿದ ಡಾಕ್ಟರು, "ಹೊಲದಾಗ ಎರಡು ಸಲ ಬಿದ್ದಿದ್ರೇನ್ರಿ?" ಎಂದಾಗ ತಲೆಯೆತ್ತಿ ಅವರ ಕೈಯಲ್ಲಿದ್ದ ಫಾರ್ಮು ನೋಡಿದೆ. ಎಲ್ಲರಿಗೂ ಮಾಡುವ ಎದೆಬಡಿತದ ಪರೀಕ್ಷೆ ಸರಿಯಾಗಿಯೇ ಬಂತು. ಆದರೂ ಆ ಒಂದು ಸಾಲಿಗಾಗಿ ಅವರು ಇಡೀ ದಿನ ಯಂತ್ರ ಕಟ್ಟಿ ನೋಡಿದರು.

"ಎದಿ ಬಡಿತ ನಡುನಡುವ ತಪ್ಪತದವ್ವಾ. ಈ ಗುಳಿಗಿ ತಗೊಂಡಿದ್ರ ಜೀವಕ್ಕೇ ಬರ್ತಿತ್ತು. ಛಲೋ ಆತು, ಮೊದಲೇ ಹೇಳಿದ್ರಿ."

ನಾನು ಹೇಳಿರಲಿಲ್ಲವಲ್ಲ! ನರ್ಸನ್ನು ಕೇಳಿದರೆ ಅವಳು ನಕ್ಕಳು. "ನಿಮ್ಮ ಯಜಮಾನ್ರು ಹೇಳಿದ್ರಲ್ರೀ, ಬಾಗಿಲದಾಗ ನಿಂತು. ನೀವು ತುಟಿ ಬಿಚ್ಚಲಿಲ್ಲ, ಅವರು ಪಟಪಟ ಹೇಳಿಬಿಟ್ರು." ಹಣೆ ಮುಚ್ಚುವಂತೆ ಸೆರಗು ಹೊದ್ದಿದ್ದ ನಾನು ವಿಧವೆಯೆಂದು ಅವಳಿಗೆ ತಿಳಿದಿರಲಿಲ್ಲ. ನಿಮ್ಮಪ್ಪ ಆಧಾರ್ ಕಾರ್ಡಿಗೆ ಫಾರ್ಮು ಹೋಲಿಸಿ, "ವಯಸ್ಸು ಎರಡು ವರ್ಷ ಕಮ್ಮಿ ಬರದೀರಿ, ಸಿಸ್ಟರ್," ಎಂದು ತಿದ್ದಿಸಿದ. ನರ್ಸು ಫಾರ್ಮು ತುಂಬುವಷ್ಟು ಹೊತ್ತೂ ಅವನು ಜೆರಾಕ್ಸ್ ಅಂಗಡಿಯ ಸಾಲಿನಲ್ಲೇ ನಿಂತಿದ್ದನಂತೆ.

ಬೇರೆ ಯಾರೋ ಗಂಡಸು ತನ್ನ ಹೆಂಡತಿಯ ಬಗ್ಗೆ ಕೇಳುತ್ತಿದ್ದಾರೆಂದುಕೊಂಡು ಉತ್ತರ ಕೊಟ್ಟಿರಬಹುದು. ಹಾಗೆಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಅವನ ಹೆಂಡತಿಯೂ ಹೊಲದಲ್ಲಿ, ಅದೂ ಎರಡೇ ಸಲ ಬಿದ್ದಿದ್ದಳೇ?

ನನ್ನನ್ನು ಆ ಪರೀಕ್ಷೆಯಿಂದ ಬಿಟ್ಟು ಬೇರೆ ಔಷಧ ಕೊಟ್ಟರು. ನಿಧಾನವಾಗಿ ಗುಣವಾದೆ, ನಿಮ್ಮನ್ನು ಮತ್ತೆ ಮಡಿಲಿಗೆ ಎಳೆದುಕೊಂಡೆ.

ಮರುತಿಂಗಳು ಔಷಧಕ್ಕೆ ಹೋದಾಗ ಅದೇ ನರ್ಸು, "ಯಜಮಾನ್ರು ಬಂದಿಲ್ಲೇನವ್ವಾ?" ಎಂದಳು. ನಿಜ ಹೇಳಬೇಕಿತ್ತು. "ಹೊರಗ ಬೆಂಚಿನ ಮ್ಯಾಲ ಕುಂತಾರ, ತಂಗಿ," ಎಂದುಬಿಟ್ಟೆ. ಯಾಕೆ ಹಾಗೆಂದೆನೋ, ಇಂದಿಗೂ ತಿಳಿಯದು. ಹೊರಗೆ ಬಂದಾಗ ಆ ಬೆಂಚಿನ ಕಡೆ ತಿರುಗಿ ನೋಡದೆ ನಡೆದೆ. ಅದು ಖಾಲಿ ಇರುವುದನ್ನು ನೋಡಲು ಮನಸ್ಸಾಗಲಿಲ್ಲ.